ನಾಟಿ ಹಂಗಾಮಲ್ಲಿ ಉಗುರಿನ ಕಡೆಗೂ ಗಮನ ಇರಲಿ

ನಾಲೆಗೆ ನೀರು ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಭತ್ತದ ನಾಟಿ ಜೋರು. ಪೈರು ಕೀಳೋದು, ನಾಟಿ ಹಾಕೋದು, ಕಳೆ ತೆಗೆಯೋದು ಅಂತ ದಿನವಿಡೀ ಕೈಕಾಲು ಕೆಸರಲ್ಲೇ. ಬೆಳೆಯ ಎಲೆ ಹಳದಿಯಾದರೆ ಫೋಟೊ ತೆಗೆದು ವಾಟ್ಸ್ಆ್ಯಪ್‌ಗೆ ಹಾಕ್ತೀವಿ, ನಮ್ಮ ಉಗುರು ಹಳದಿಯಾದರೆ ಸುಮ್ಮನಿರ್ತೀವಿ. ನಾನು ಓದಿದ್ದು ತೋಟಗಾರಿಕೆ, ವೈದ್ಯನಲ್ಲ. ಆದರೆ ಬೆಳೆಗೂ ಉಗುರಿಗೂ ಒಂದೇ ನಿಯಮ: ರೋಗ ಗುರುತಿಸದೆ ಔಷಧಿ ಬೇಡ.

ಉಗುರುಸುತ್ತು: ಉಗುರಿನ ಬುಡದ ತೆಳು ಚರ್ಮ ಬೇಲಿ ಇದ್ದಂತೆ. ಸದಾ ನೆಂದು ಅದು ಬಿಟ್ಟುಕೊಂಡರೆ ಬ್ಯಾಕ್ಟೀರಿಯಾ ಒಳನುಗ್ಗುತ್ತೆ. ಬುಡ ಕೆಂಪಾಗಿ ಊದಿ ಕೀವು ತುಂಬುತ್ತೆ. ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿದರೆ ತಂಪೆನಿಸಬಹುದು, ಕೀವು ಹೋಗಲ್ಲ. ಶುರುವಿನಲ್ಲೇ ಉಗುರುಬೆಚ್ಚಗಿನ ನೀರಲ್ಲಿ ದಿನಕ್ಕೆ ಮೂರ್ನಾಲ್ಕು ಸಲ 10–15 ನಿಮಿಷ ಬೆರಳಿಟ್ಟು, ಚೆನ್ನಾಗಿ ಒರೆಸಿ. ಕೀವು ಕಂಡರೆ ಸೂಜಿ ಚುಚ್ಚಬೇಡಿ, ಆಸ್ಪತ್ರೆಗೆ ಹೋಗಿ.

ಶಿಲೀಂಧ್ರ: ಉಗುರು ದಪ್ಪಗಾಗಿ, ಹಳದಿ ತಿರುಗಿ, ಪುಡಿಪುಡಿಯಾಗಿ ಉದುರುತ್ತೆ. ಹೆಚ್ಚಾಗಿ ಕಾಲಿನ ಹೆಬ್ಬೆರಳಿಗೆ. ಉಗುರಿನ ಚೂರು ಪರೀಕ್ಷಿಸಿದರೆ ಖಾತ್ರಿಯಾಗುತ್ತೆ. ಕೈ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆದರೆ, ಕಾಲಿನದು ಅದರ ಅರ್ಧ. ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಹಾಗಾಗಿ ಹದಿನೈದು ದಿನಕ್ಕೇ ಚಿಕಿತ್ಸೆ ಬಿಡಬೇಡಿ. ಅಂಗಡಿಯಲ್ಲಿ ಕೇಳಿ ತರುವ ಸ್ಟೀರಾಯ್ಡ್ ಬೆರೆತ ಮುಲಾಮು ಶಿಲೀಂಧ್ರವನ್ನೇ ಬೆಳೆಸುತ್ತೆ.

ದಿನದ ಆರೈಕೆ:
- ಕೆಲಸ ಮುಗಿದ ಮೇಲೆ ಸೋಪಿನಲ್ಲಿ ತೊಳೆದು, ಬೆರಳ ಸಂದು ಒಣಗಿಸಿ, ಬುಡಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ.
- ಕಾಲುಗುರು ನೇರವಾಗಿ ಕತ್ತರಿಸಿ. ಮೂಲೆ ಕೊರೆದರೆ ಉಗುರು ಮಾಂಸದೊಳಗೆ ಬೆಳೆಯುತ್ತೆ.
- ಜೀವಾಮೃತ ಕಲಸುವಾಗಲೂ ಗ್ಲೌಸ್ ಹಾಕಿ. ಸಾವಯವ ಅಂದರೂ ಸಗಣಿಯಲ್ಲಿ ಧನುರ್ವಾಯುವಿನ ರೋಗಾಣು ಇರಬಹುದು. ಗ್ಲೌಸ್ ಒಳಗೆ ನೀರು ಹೊಕ್ಕರೆ ಬದಲಿಸಿ.
- ಕುಡುಗೋಲು ತಗುಲಿ ಉಗುರು ಕಿತ್ತರೆ ಟಿ.ಟಿ. ಇಂಜೆಕ್ಷನ್ ಬೇಕೇ ಅಂತ ಅದೇ ದಿನ ಕೇಳಿ.

ತಡಮಾಡಬೇಡಿ: ಸಕ್ಕರೆ ಕಾಯಿಲೆಯವರಿಗೆ ಗಾಯವಾದರೆ, ಬಾವು ಮೇಲೇರಿ ಜ್ವರ ಬಂದರೆ, ಪೆಟ್ಟಾಗದೆ ಒಂದೇ ಉಗುರಲ್ಲಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ ಕೂಡಲೇ ತೋರಿಸಿ. ಕಪ್ಪು ಗೆರೆ ಅಪರೂಪಕ್ಕೆ ಕ್ಯಾನ್ಸರ್ ಇರಬಹುದು. ಮೊದಲು ತಾಲ್ಲೂಕು ಆಸ್ಪತ್ರೆ. ಅಗತ್ಯವಿದ್ದರೆ ಮಂಡ್ಯದ ಮಿಮ್ಸ್.

ಇನ್ನೊಂದು ಮಾತು. ನಾಟಿಗೆ ಬರುವ ಹೆಣ್ಣುಮಕ್ಕಳು ಕೂಲಿ ತಪ್ಪುತ್ತೆ ಅಂತ ಬೆರಳು ಊದಿದ್ದರೂ ನೋವು ನುಂಗಿ ಕೆಸರಿಗಿಳೀತಾರೆ. ಬದುವಿನ ಮೇಲೆ ಒಂದು ಬಿಂದಿಗೆ ಶುದ್ಧ ನೀರು, ಸೋಪು, ಒಣ ಬಟ್ಟೆ ಇಡಿ. ಊದಿದ ಬೆರಳಿನವರಿಗೆ ಆ ದಿನ ದಡದ ಮೇಲಿನ ಕೆಲಸ ಕೊಡಿ, ಕೂಲಿ ಕಡಿಯಬೇಡಿ.