ಮಳೆಗಾಲದ ಬೆಳಕಿಗೆ ತಕ್ಕ ಬ್ಯಾಟರಿ

ಆಟಿಯ ಗಾಳಿಮಳೆಗೆ ಮರವೊಂದು ತಂತಿಯ ಮೇಲೆ ಉರುಳಿತೆಂದರೆ ಪುತ್ತೂರು, ಸುಳ್ಯ, ಕಡಬಗಳ ಹಳ್ಳಿಗಳಲ್ಲಿ ರಾತ್ರಿಯೆಲ್ಲ ಕತ್ತಲೆಯಾಗುವುದುಂಟು. ಮನೆಯಲ್ಲಿ ರೋಗಿಯೋ ಓದುವ ಮಗುವೋ ಇದ್ದರೆ ಆ ರಾತ್ರಿಯ ಉದ್ದವನ್ನು ತಾವೇ ಬಲ್ಲಿರಿ. ಇನ್ವರ್ಟರಿಗೆಂದು ಕಾರಿನ ಬ್ಯಾಟರಿಯನ್ನು ತರಬೇಡಿ. (ಸಂಚಯಕವೆಂಬ ಒಳ್ಳೆಯ ಮಾತಿದೆ; ಅಂಗಡಿಯಲ್ಲಿ ಬ್ಯಾಟರಿಯೆಂದೇ ಕೇಳಬೇಕು.) ಅದರ ತೆಳುವಾದ ಸೀಸದ ಫಲಕಗಳು ಎಂಜಿನನ್ನು ಎಬ್ಬಿಸಲು ಕ್ಷಣಕಾಲ ಭಾರಿ ವಿದ್ಯುತ್ತನ್ನು ಕೊಡತಕ್ಕವು, ಗಂಟೆಗಟ್ಟಲೆ ದುಡಿಸಿದರೆ ಬೇಗ ಸವೆಯುತ್ತವೆ. ದೀರ್ಘ ದುಡಿಮೆಗೆ ಟ್ಯೂಬುಲರ್ ಬ್ಯಾಟರಿಯೇ ಸರಿ. 12 ವೋಲ್ಟಿನ, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ಗಂಟೆಯಷ್ಟು ಶಕ್ತಿಯಿದೆ. ಆದರೆ ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದಷ್ಟೂ ಅದರ ಆಯುಸ್ಸು ಕುಗ್ಗುತ್ತದೆ. ಉಳಿದರ್ಧದಲ್ಲಿ ಇನ್ವರ್ಟರು ನುಂಗುವ ಪಾಲನ್ನು ಕಳೆದರೆ ಒಂದು ಫ್ಯಾನು, ಎರಡು ಎಲ್‌ಇಡಿ ದೀಪ ಸುಮಾರು 7 ಗಂಟೆ ನಡೆದಾವು. ಮಿಕ್ಸಿಯ ಆಸೆ ಬೇಡ.

ತಿಂಗಳಿಗೊಮ್ಮೆ ನೀರಿನ ಮಟ್ಟವನ್ನು ನೋಡಿ. ಇಳಿದಿದ್ದರೆ ಬಟ್ಟಿಯಿಳಿಸಿದ ನೀರನ್ನೇ ಸೇರಿಸಿ. ಬಾವಿಯ ನೀರು ಎಷ್ಟು ತಿಳಿಯಾಗಿದ್ದರೂ ಅದರೊಳಗಿನ ಲವಣ ಫಲಕಗಳಿಗೆ ಕೇಡು. ಆಮ್ಲವನ್ನಂತೂ ಹಾಕಕೂಡದು: ಆರಿಹೋಗುವುದು ನೀರೇ ಹೊರತು ಆಮ್ಲವಲ್ಲ. ಚಾರ್ಜಾಗುವಾಗ ಜಲಜನಕ ಹೊರಡುವುದರಿಂದ ಮುಚ್ಚಿದ ಕೋಣೆಯಲ್ಲಾಗಲಿ ದೇವರ ದೀಪದ ಬಳಿಯಲ್ಲಾಗಲಿ ಇಡಬೇಡಿ. ಕರೆಂಟು ಬಂದೊಡನೆ ಪೂರ್ತಿ ಚಾರ್ಜಾಗಲು ಬಿಡಿ. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಉಳಿದರೆ ಸೀಸದ ಸಲ್ಫೇಟು ಫಲಕಗಳ ಮೇಲೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜು ಮಾಡಿದರೂ ಅದು ಬಿಡದು.