ಒಬ್ಬಳು ಓದಿದರೆ ಮನೆಯೇ ಕೇಳುತ್ತಿತ್ತು

ಸಹೋದರಿಯರೇ, ಒಂದು ಕಾದಂಬರಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೀವು ಓದಿ ಎಷ್ಟು ದಿನಗಳಾದವು? ಬಾಗಲಕೋಟೆ, ಬಾದಾಮಿ, ಹುನಗುಂದದಲ್ಲಿರುವ ನನ್ನ ಬಳಗದ ಹೆಂಗಸರಲ್ಲಿ ಈ ಪ್ರಶ್ನೆ ಕೇಳಿದಾಗ ಹೆಚ್ಚಿನವರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಆದರೆ ಐವತ್ತರ ಆಸುಪಾಸಿನಲ್ಲಿರುವ ಹಲವರ ಬಾಯಲ್ಲಿ ಬಂದದ್ದು ಒಂದೇ ಪುಸ್ತಕದ ಹೆಸರು: ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’.

ಕೃಷ್ಣೆ, ಮಲಪ್ರಭೆಯರ ಸೀಮೆಯವರಾದ ನಮಗೂ ಕಾಸರಗೋಡಿನ ಚಂದ್ರಗಿರಿ ಹೊಳೆಗೂ ಏನು ಸಂಬಂಧ? ಅಲ್ಲಿಯ ಮನೆಮಾತು ಬೇರೆ, ನಮ್ಮದು ದಖನಿ. ಊಟ ಉಡುಗೆಯೂ ಬೇರೆ. ಆದರೂ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು, ಆಮೇಲೆ ಪುಸ್ತಕವಾದ ಈ ಕಥೆ ನಮ್ಮ ಪಡಸಾಲೆಗಳವರೆಗೆ ಬಂತು. ಕನ್ನಡದಲ್ಲಿ ಮುಸ್ಲಿಂ ಮನೆಯೊಳಗಿನ ಬದುಕನ್ನು ಮುಸ್ಲಿಂ ಹೆಣ್ಣೊಬ್ಬಳೇ ಬರೆದದ್ದನ್ನು ನಾವು ಓದಿದ್ದು ಅದೇ ಮೊದಲು.

ಕಥೆ ಗೊತ್ತಿಲ್ಲದ ಕಿರಿಯರಿಗಾಗಿ ಎರಡು ಮಾತು. ನಾದಿರಾ ಮತ್ತು ರಶೀದ್ ಅನ್ಯೋನ್ಯವಾಗಿದ್ದ ಗಂಡಹೆಂಡಿರು. ಹಣದ ವಿಷಯಕ್ಕೆ ಅಳಿಯನ ಮೇಲೆ ಮುನಿದ ತಂದೆ ಮಹಮ್ಮದ್ ಖಾನ್, ಮಗಳನ್ನು ತವರಿನಲ್ಲೇ ಇರಿಸಿಕೊಂಡು ಅವಳ ಇಷ್ಟಕ್ಕೆ ವಿರುದ್ಧವಾಗಿ ತಲಾಖ್ ಕೊಡಿಸುತ್ತಾನೆ. ಅವರು ಮತ್ತೆ ಒಂದಾಗಬೇಕಾದರೆ ನಡುವೆ ಇನ್ನೊಬ್ಬನೊಂದಿಗೆ ಒಂದು ರಾತ್ರಿಯ ಮದುವೆ ಆಗಬೇಕೆಂಬ ಮಾತು ಬರುತ್ತದೆ. ಆ ರಾತ್ರಿ ನಾದಿರಾ ಮಸೀದಿಯ ಕೊಳದಲ್ಲಿ ಪ್ರಾಣ ಬಿಡುತ್ತಾಳೆ.

ನಾನು ಇದನ್ನು ಓದಿದ್ದು ಇಳಕಲ್‌ನ ನಾನಿಯ ಮನೆಯಲ್ಲಿ, ಶಾಲೆಯ ರಜೆಯಲ್ಲಿ. ಓದಿದ್ದು ಎನ್ನುವುದಕ್ಕಿಂತ ಓದಿ ಹೇಳಿದ್ದು ಎನ್ನಬೇಕು. ಬಾದಾಮಿಯಲ್ಲಿದ್ದ ಸಂಬಂಧಿಯೊಬ್ಬಳು ತಂದ ಪ್ರತಿ ಬಾಗಲಕೋಟೆಯ ಎರಡು ಮನೆ ಸುತ್ತಿ, ರಟ್ಟು ಕಿತ್ತುಕೊಂಡು, ನಮ್ಮ ಕೈಗೆ ಬಂದಿತ್ತು. ಝುಹರ್ ನಮಾಝಿನ ನಂತರ ಏಳೆಂಟು ಹೆಂಗಸರು ಸೀರೆಯ ನೂಲಿನ ಕಂಡಿಕೆ ಸುತ್ತುತ್ತಾ ಕೂರುತ್ತಿದ್ದರು. ಓದುವವಳಿಗೆ ಮಾತ್ರ ಆ ಕೆಲಸದಿಂದ ರಿಯಾಯಿತಿ! (ನನ್ನ ಓದಿನ ಹುಚ್ಚಿಗೆ ಇದೂ ಒಂದು ಕಾರಣ ಎಂದು ಅಮ್ಮಿ ಈಗಲೂ ಹೇಳುತ್ತಾರೆ.) ನಾನಿಗೆ ಕನ್ನಡ ಅಕ್ಷರ ಬಾರದು. ಒಂದು ಪುಟ ಕನ್ನಡದಲ್ಲಿ ಓದುವುದು, ಅದನ್ನೇ ದಖನಿಯಲ್ಲಿ ಬಿಡಿಸಿ ಹೇಳುವುದು. ಹೀಗೆ ಇಷ್ಟು ಸಣ್ಣ ಪುಸ್ತಕಕ್ಕೆ ಹನ್ನೆರಡು ಮಧ್ಯಾಹ್ನಗಳು ಬೇಕಾದವು.

ಅಷ್ಟು ದಿನ ಹಿಡಿದದ್ದು ಜಗಳದಿಂದಲೂ ಹೌದು. ರಶೀದ್ ಯಾಕೆ ಗಟ್ಟಿಯಾಗಿ ನಿಲ್ಲಲಿಲ್ಲ ಎಂದು ಒಬ್ಬರು, ತಂದೆಯ ಮಾತು ಹೇಗೆ ಮೀರುವುದು ಎಂದು ಇನ್ನೊಬ್ಬರು. ಒಂದು ರಾತ್ರಿಯ ಮದುವೆಯ ಮಾತು ಬಂದಾಗ ದೊಡ್ಡ ಖಾಲಾ ಕೈಯಲ್ಲಿದ್ದ ಕಂಡಿಕೆ ಕೆಳಗಿಟ್ಟು, “ಯೇ ದೀನ್ ನೈ, ದೀನ್ ಕೆ ನಾಮ್ ಪೊ ಸೌದಾ” ಎಂದರು. ಇದು ದೀನ್ ಅಲ್ಲ, ದೀನಿನ ಹೆಸರಿನಲ್ಲಿ ನಡೆಯುವ ವ್ಯಾಪಾರ. ಮೊದಲೇ ಮಾತಾಡಿಕೊಂಡು ಹೀಗೆ ನಿಕಾಹ್ ಮಾಡಿಕೊಳ್ಳುವವನನ್ನೂ, ಯಾರಿಗಾಗಿ ಮಾಡಲಾಗುತ್ತದೋ ಅವನನ್ನೂ ಪ್ರವಾದಿಯವರು(ಸ) ಶಪಿಸಿದ್ದಾರೆಂಬ ಹದೀಸ್ ಅವರಿಗೆ ತಿಳಿದಿತ್ತು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಕಾದಂಬರಿಯೊಂದಕ್ಕೆ ಕೊಟ್ಟ ಆ ವಿಮರ್ಶೆಯನ್ನು ನಾನು ಇಂದಿಗೂ ಮರೆತಿಲ್ಲ.

ಮುಂದೆ ಏನಾಯಿತೆಂದು ನಿಮಗೂ ಗೊತ್ತು. ಮಧ್ಯಾಹ್ನಗಳು ಟಿವಿ ಧಾರಾವಾಹಿಗಳ ಪಾಲಾದವು. ಆಲಮಟ್ಟಿಯ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಓಣಿಗಳು ಖಾಲಿಯಾದಾಗ ನಮ್ಮ ಬಂಧುಗಳು ಕಪಾಟು, ಪಾತ್ರೆ, ಬಾಗಿಲ ಚೌಕಟ್ಟು ಎಲ್ಲವನ್ನೂ ನವನಗರಕ್ಕೆ ಸಾಗಿಸಿದರು. ಪುಸ್ತಕಗಳನ್ನು ಮಾತ್ರ ರದ್ದಿಗೆ ತೂಗಿ ಕೊಟ್ಟರು. ಕೊನೆಗೆ ಮೊಬೈಲ್ ಬಂತು.

ಇಂದಿನ ಹುಡುಗಿಯರು ಓದುವುದಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಕಾಲೇಜಿಗೆ ಹೋಗುವ ನನ್ನ ಅಣ್ಣನ ಮಗಳು ಪ್ರತಿಲಿಪಿಯಲ್ಲಿ ದಿನಕ್ಕೆ ನಾಲ್ಕು ಕಂತು ಕಥೆ ಓದುತ್ತಾಳೆ. ಅವಳ ವಯಸ್ಸಿನಲ್ಲಿ ನಾನು ಅಷ್ಟು ಓದಿರಲಿಲ್ಲ. ಆದರೆ ಅವಳು ಏನು ಓದುತ್ತಿದ್ದಾಳೆಂದು ಪಕ್ಕದಲ್ಲಿ ಕುಳಿತ ತಾಯಿಗೆ ತಿಳಿಯದು, ತಾಯಿ ವಾಟ್ಸ್‌ಆ್ಯಪ್‌ನಲ್ಲಿ ಏನು ಓದಿದಳೆಂದು ಮಗಳಿಗೆ ತಿಳಿಯದು. ಒಂದೇ ಪುಟಕ್ಕಾಗಿ ಏಳೆಂಟು ಜನ ಜಗಳವಾಡುವುದು ನಿಂತುಹೋಗಿದೆ. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಒಂದೇ ಉಸಿರಿನ ಮೂರು ತಲಾಖನ್ನು ಅಸಿಂಧು ಎಂದಿತು, 2019ರಲ್ಲಿ ಕಾಯ್ದೆಯೂ ಬಂತು. ಆಗ ಟಿವಿಯಲ್ಲಿ ನಮ್ಮ ಬಗ್ಗೆ ಎಷ್ಟೊಂದು ಕೂಗಾಟ! ನಮ್ಮ ಮನೆಯಲ್ಲಿ ಎಲ್ಲರೂ ಕುಳಿತು ನೋಡಿದರು. ಯಾರೂ ಒಂದು ಮಾತಾಡಲಿಲ್ಲ.

2023ರ ಜನವರಿಯಲ್ಲಿ ಸಾರಾ ಅವರು ತೀರಿಕೊಂಡ ಸುದ್ದಿ ಬಂದಾಗ ಆ ಪುಸ್ತಕಕ್ಕಾಗಿ ಮನೆಯೆಲ್ಲ ಹುಡುಕಿದೆ. ಹುನಗುಂದದ ತವರಿನಲ್ಲಿ, ಅಮ್ಮಿಯ ಟ್ರಂಕಿನ ತಳದಲ್ಲಿ, ರಟ್ಟಿಲ್ಲದ ಅದೇ ಪ್ರತಿ ಸಿಕ್ಕಿತು. ಹುಡುಗಿಯಾಗಿದ್ದಾಗ ನಾದಿರಾಳಿಗಾಗಿ ಅತ್ತಿದ್ದೆ. ಈಗ ನಾನೂ ಹೆಣ್ಣುಮಕ್ಕಳ ತಾಯಿ. ಈ ಸಲ ಕಣ್ಣು ನಿಂತದ್ದು ಅವಳ ತಾಯಿ ಫಾತಿಮ್ಮಳ ಮೇಲೆ. ಎಳೆ ವಯಸ್ಸಿನಲ್ಲೇ ಮದುವೆಯಾಗಿ, ಗಂಡನ ಎದುರು ದನಿ ಎತ್ತದೆ, ಮಗಳ ಮನೆ ಮುರಿಯುವುದನ್ನು ಕಣ್ಣಾರೆ ಕಂಡವಳು. ಅವಳಿಗೆ ಎಲ್ಲವೂ ಗೊತ್ತಿತ್ತು, ಹೇಳುವ ಧೈರ್ಯವಿರಲಿಲ್ಲ. ಇದನ್ನು ಅಣ್ಣನ ಮಗಳಿಗೆ ಹೇಳಿದೆ. ಅವಳು ಎರಡು ರಾತ್ರಿಯಲ್ಲಿ ಓದಿ ಮುಗಿಸಿ ಬಂದು ವಾದಕ್ಕೆ ನಿಂತಳು: “ಫುಫ್ಪಿ, ಧೈರ್ಯ ಇರಲಿಲ್ಲ ಅನ್ನಬ್ಯಾಡ್ರಿ. ಗಂಡನ ಮನಿ ಬಿಟ್ರ ಆಕಿಗೆ ಹೋಗಾಕ ಜಾಗಾ ಎಲ್ಲಿತ್ತು?” ನನ್ನ ಬಳಿ ಉತ್ತರವಿರಲಿಲ್ಲ. ಅವಳ ತಾಯಿ ಅಡುಗೆಮನೆಯಿಂದ ಹೊರಗೆ ಬಂದು ಕುಳಿತರು. ಆ ಸಂಜೆ ರೊಟ್ಟಿ ತಡವಾಯಿತು.

ಕಾಸರಗೋಡಿನಲ್ಲಿ ಶಾಲೆ ಕಲಿತ ಮೊದಲ ಮುಸ್ಲಿಂ ಹುಡುಗಿಯರಲ್ಲಿ ಒಬ್ಬರಾದ ಸಾರಾ ಅವರಿಗೆ ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. 1936ರಲ್ಲಿ ಹುಟ್ಟಿದ ಅವರಿಗೆ ಆಗ ಇಪ್ಪತ್ತೇಳರ ಆಸುಪಾಸು. ನಮಗೆ ಆ ಅಡ್ಡಿಯಿಲ್ಲ. ಪಟ್ಟಣದಲ್ಲಿ ಸ್ವಂತ ಮನೆ ಇದ್ದರೆ ಕಂದಾಯದ ರಸೀದಿ ತೆಗೆದು ನೋಡಿ: ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರವನ್ನು ನಾವು ಕಟ್ಟುತ್ತಲೇ ಇದ್ದೇವೆ. ಗಂಡಸರು ಪತ್ರಿಕೆ ಓದುವ ಜಾಗ ಎಂದುಕೊಂಡು ಒಳಗೆ ಕಾಲಿಡದವರು ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿ ಇಬ್ಬರ ಹೆಸರಲ್ಲೂ ಕಾರ್ಡ್ ಮಾಡಿಸಿ. ಈ ಪುಸ್ತಕವನ್ನೇ ಕೇಳಿ. ಇಲ್ಲವೆಂದರೆ, ತರಿಸಿಕೊಡಿ ಎಂದು ಬರೆದುಕೊಟ್ಟು ಬನ್ನಿ.