ಗಿಡಮೂಲಿಕೆಯೂ ಕ್ಯಾನ್ಸರ್ ಔಷಧವೂ

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ಹಿರಿಯರ ಗಾದೆ. ಊರು ಬಿಟ್ಟು ಮಹಾನಗರ ಸೇರಿದವರ ಪಾಲಿಗೆ ಈ ಗಾದೆ ತಲೆಕೆಳಗಾಗಿದೆ. ಮಲ್ಕಾಜ್‌ಗಿರಿಯ ಕನ್ನಡ ಕುಟುಂಬದಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದರೆ, ಊರಿನ ಬಂಧುಗಳು ಅಕ್ಕರೆಯಿಂದ ಮೂಲಿಕೆಯ ಪೊಟ್ಟಣ ಕಳುಹಿಸುವುದುಂಟು. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು (ನಿಧನ 2020) ನೀಡುತ್ತಿದ್ದ ಮರದ ಚಕ್ಕೆಗಾಗಿ ದೂರದೂರದ ಜನರು ಸಾಲುಗಟ್ಟುತ್ತಿದ್ದುದು ಪ್ರಸಿದ್ಧ ಸಂಗತಿ. ರೆಡ್ ಹಿಲ್ಸ್‌ನ ಎಂ.ಎನ್.ಜೆ. ಆಸ್ಪತ್ರೆಯಲ್ಲಿ ಚಿಕಿತ್ಸೆ, ಮನೆಯಲ್ಲಿ ಕಷಾಯ: ಇವೆರಡೂ ಒಟ್ಟಿಗೆ ದೇಹವನ್ನು ಸೇರಿದಾಗ ಆಗುವುದೇನು?

ಸಸ್ಯಗಳಲ್ಲಿ ಶಕ್ತಿಯಿಲ್ಲವೆಂದು ಯಾರೂ ಹೇಳಲಾರರು. ರಕ್ತದ ಕ್ಯಾನ್ಸರಿಗೆ ಬಳಸುವ ವಿನ್‌ಕ್ರಿಸ್ಟಿನ್ ದೊರೆತುದೇ ಮನೆಯಂಗಳದ ಕಾಶಿ ಕಣಗಿಲೆಯಿಂದ. ಆದರೆ ಗುಣ ಮಾಡಬಲ್ಲ ಶಕ್ತಿಗೆ ಇನ್ನೊಂದು ಔಷಧದ ಕೆಲಸವನ್ನು ಕೆಡಿಸುವ ಶಕ್ತಿಯೂ ಇರಬಹುದು.

ದೇಹದಲ್ಲಿಯೂ ಜಮಾ-ಖರ್ಚಿನ ಲೆಕ್ಕವೊಂದಿದೆ. ನುಂಗಿದ ಔಷಧ ಜಮಾ. ಯಕೃತ್ತಿನ ಕಿಣ್ವಗಳು ಅದನ್ನು ಕರಗಿಸುವುದು ಖರ್ಚು. ವೈದ್ಯರು ಈ ಎರಡನ್ನೂ ಎಣಿಸಿ ಪ್ರಮಾಣವನ್ನು ಗೊತ್ತುಪಡಿಸುತ್ತಾರೆ. ಕೆಲವು ಮೂಲಿಕೆಗಳು ಖರ್ಚಿನ ವೇಗವನ್ನು ಹೆಚ್ಚಿಸುತ್ತವೆ. ಆಗ ಔಷಧ ಸಾಲದೆ ರೋಗ ಉಳಿಯುತ್ತದೆ. ಕೆಲವು ತಗ್ಗಿಸುತ್ತವೆ, ಆಗ ಔಷಧ ಶೇಖರವಾಗಿ ವಿಷವಾಗುತ್ತದೆ.

ಇದು ಕೇವಲ ಊಹೆಯಲ್ಲ. ಮನಸ್ಸಿನ ಖಿನ್ನತೆಗೆಂದು ಪಾಶ್ಚಾತ್ಯರು ಸೇವಿಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯು, ಇರಿನೊಟೆಕಾನ್ ಔಷಧದಿಂದ ದೇಹದಲ್ಲಿ ಉಂಟಾಗುವ ಸಕ್ರಿಯ ಅಂಶವನ್ನು ಶೇಕಡಾ 42ರಷ್ಟು ಇಳಿಸಿದುದು 2002ರ ಅಧ್ಯಯನವೊಂದರಲ್ಲಿ ಕಂಡುಬಂದಿತು. ಅರಿಶಿನದ ಸತ್ವವನ್ನು ಕರಿಮೆಣಸಿನ ಸತ್ವದೊಡನೆ ಹೆಚ್ಚಿನ ಪ್ರಮಾಣದಲ್ಲಿ ಸೇವಿಸಿದಾಗ, ಸ್ತನ ಕ್ಯಾನ್ಸರಿನ ಟಾಮಾಕ್ಸಿಫೆನ್‌ನ ಸಕ್ರಿಯ ರೂಪ ಸುಮಾರು ಶೇಕಡಾ 12ರಷ್ಟು ಕುಗ್ಗಿತೆಂದು 2019ರಲ್ಲಿ ಪ್ರಕಟವಾಯಿತು. ಇದು ಗುಳಿಗೆಯ ಮಾತು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಅಂಜಬೇಕಾಗಿಲ್ಲ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯವು ಅದನ್ನು ಒಪ್ಪಲಿಲ್ಲ. ವಿವಾದ ಏನೇ ಇರಲಿ, ಕ್ಯಾನ್ಸರ್ ಔಷಧದಿಂದ ಈಗಾಗಲೇ ದಣಿದ ಯಕೃತ್ತಿನ ವಿಷಯದಲ್ಲಿ ಎಚ್ಚರ ಅಗತ್ಯ.

ಇಲ್ಲಿ ನಿಜವಾದ ಅಪಾಯವೆಂದರೆ ಮೌನ. ವೈದ್ಯರು ಗದರಿಯಾರೆಂದು ರೋಗಿ ಕಷಾಯದ ಮಾತನ್ನು ಮುಚ್ಚಿಡುತ್ತಾನೆ. ರಕ್ತಪರೀಕ್ಷೆಯಲ್ಲಿ ಏರುಪೇರು ಕಂಡ ವೈದ್ಯರು, ದೋಷ ತಮ್ಮ ಔಷಧದ್ದೆಂದು ಬಗೆದು ಅದರ ಪ್ರಮಾಣವನ್ನು ಇಳಿಸಬಹುದು ಅಥವಾ ಮುಂದಿನ ಸರದಿಯನ್ನು ಮುಂದೂಡಬಹುದು. ನಷ್ಟ ರೋಗಿಗೇ ಅಲ್ಲವೆ?

ಆದುದರಿಂದ ಸೇವಿಸುತ್ತಿರುವ ಚೂರ್ಣ, ಲೇಹ್ಯ, ಗುಳಿಗೆಗಳೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಪೊಟ್ಟಣಗಳ ಸಮೇತ ವೈದ್ಯರ ಮುಂದಿಡಬೇಕು. ಅವರು ತಿಳಿಸುವವರೆಗೆ ಹೊಸ ಮೂಲಿಕೆಯನ್ನು ಆರಂಭಿಸಬಾರದು. ಮೂಲಿಕೆಯನ್ನು ನಂಬಿ ಆಸ್ಪತ್ರೆಯ ಔಷಧವನ್ನು ನಿಲ್ಲಿಸಲೂ ಬಾರದು. ಶಸ್ತ್ರಚಿಕಿತ್ಸೆಗೆ ಮುನ್ನ ಬೆಳ್ಳುಳ್ಳಿಯ ಗುಳಿಗೆಯ ವಿಷಯವನ್ನೂ ಹೇಳಬೇಕು, ಏಕೆಂದರೆ ಅದರಿಂದ ರಕ್ತಸ್ರಾವ ಹೆಚ್ಚಬಹುದು. ಭಾಷೆಯ ತೊಡಕಿದ್ದಲ್ಲಿ ತೆಲುಗು ಬಲ್ಲ ನೆರೆಯವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಲೇಸು. ಊರಿನ ಅಕ್ಕರೆಯನ್ನು ತಿರಸ್ಕರಿಸಬೇಕಾಗಿಲ್ಲ. ಪೊಟ್ಟಣವನ್ನು ಬಿಚ್ಚುವ ಮೊದಲು ವೈದ್ಯರಿಗೆ ತೋರಿಸಿದರೆ ಸಾಕು.